ಲೇಡೀಸ್ ಹಾಸ್ಟೆಲ್‌ನ ಚರಿತ್ರೆ ಬರೆಯುವುದು ಹೇಗೆ

ಊರಿನ ಚರಿತ್ರೆ ಬರೆಯುವವರು ದೇವಸ್ಥಾನದ ಬಗ್ಗೆ ಬರೆಯುತ್ತಾರೆ, ಕೆರೆ ಬಗ್ಗೆ ಬರೆಯುತ್ತಾರೆ, ಹಳೇ ಹೈಸ್ಕೂಲಿನ ಬಗ್ಗೆ ಬರೆಯುತ್ತಾರೆ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ವರ್ಷಗಟ್ಟಲೆ ಬಾಳಿದ ಹಾಸ್ಟೆಲ್ ಮಾತ್ರ ಬಿಟ್ಟುಹೋಗುತ್ತದೆ. ನಾನು ಹಾಸನದಲ್ಲಿ ಟೈಪಿಸ್ಟ್ ಆಗಿ ಕೆಲಸಕ್ಕೆ ಸೇರಿದಾಗ ಅಲ್ಲಿನ ಕೆ.ಆರ್. ಪುರಂನಲ್ಲಿ ಅಂಥ ಒಂದು ಹಾಸ್ಟೆಲ್‌ನಲ್ಲಿದ್ದೆ. ರಿಟೈರ್ ಆದ ಮೇಲೆ ಅದರ ಚರಿತ್ರೆ ಬರೆದು ಒಂದು ಚಿಕ್ಕ ಪುಸ್ತಕ ಮಾಡಿದೆ. ಈಗ ಬೇರೆ ಊರುಗಳಿಂದಲೂ ಕೇಳುತ್ತಾರೆ, 'ನಮ್ಮ ಹಾಸ್ಟೆಲ್ ಬಗ್ಗೆಯೂ ಬರೀಬೇಕು ಅಕ್ಕಾ, ಎಲ್ಲಿಂದ ಶುರು ಮಾಡೋದು?' ಅಂತ. ಅವರೆಲ್ಲರಿಗೂ ಒಟ್ಟಿಗೇ ಹೇಳುತ್ತಿದ್ದೇನೆ.

ಶುರು ಮಾಡುವ ಮುಂಚೆ ದೊಡ್ಡ ಊರಿನ ಒಂದು ಉದಾಹರಣೆ ತಿಳಿದುಕೊಳ್ಳಿ. ನನಗೆ ದಾರಿ ತೋರಿಸಿದ್ದು ನ್ಯೂಯಾರ್ಕ್‌ನ ಬಾರ್ಬಿಜಾನ್ ಹೋಟೆಲ್. 1927ರಲ್ಲಿ ಕಟ್ಟಿದ್ದು. 23 ಮಹಡಿ, ಸುಮಾರು 700 ಕೋಣೆ, ಹೆಂಗಸರಿಗೆ ಮಾತ್ರ. ಬಾಡಿಗೆ ಕೊಟ್ಟುಕೊಂಡು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರಬಹುದಿತ್ತು. ಸೇರಬೇಕಾದರೆ ಮೂರು ಜನರಿಂದ ಶಿಫಾರಸು ಪತ್ರ ತರಬೇಕು. ಗಂಡಸರು ಕೆಳಗಿನ ಲಾಬಿ ದಾಟಿ ಮೇಲೆ ಹೋಗುವಂತಿಲ್ಲ. ಈಜುಕೊಳ, ಲೈಬ್ರರಿ, ಪಿಯಾನೋ ಅಭ್ಯಾಸಕ್ಕೆ ಕೋಣೆ ಎಲ್ಲ ಇದ್ದವು. ಮಲಗುವ ಕೋಣೆ ಮಾತ್ರ ಪುಟ್ಟದು. ಎಷ್ಟೋ ಜನರಿಗೆ ಬಚ್ಚಲುಮನೆ ಪ್ಯಾಸೇಜಿನ ಆಚೆ, ಎಲ್ಲರಿಗೂ ಸೇರಿ. 1981ರ ಫೆಬ್ರವರಿ 14ರಂದು ಗಂಡಸರಿಗೂ ಕೋಣೆ ಕೊಡಲು ಶುರು ಮಾಡಿದರು. 2000ದ ಈಚೆಗೆ ಕಟ್ಟಡವನ್ನು ಮಾರಾಟದ ಫ್ಲಾಟ್‌ಗಳಾಗಿ ಮಾಡಿದರು. ಆಗಲೂ ಬಾಡಿಗೆ ಕಾನೂನಿನ ಬಲದಿಂದ ಕೆಲವು ಹಿರಿಯ ಹೆಂಗಸರು ಅಲ್ಲೇ ಉಳಿದುಕೊಂಡರು.

ಬಾರ್ಬಿಜಾನ್ ಅಂದರೆ ಎಲ್ಲರೂ ಹೇಳುವುದು ನಟಿ ಗ್ರೇಸ್ ಕೆಲ್ಲಿ ಅಲ್ಲಿದ್ದಳು, ಕವಿ ಸಿಲ್ವಿಯಾ ಪ್ಲಾತ್ 1953ರ ಜೂನ್‌ನಲ್ಲಿ ಅಲ್ಲಿದ್ದಳು ಅಂತ. ನನ್ನ ಮನಸ್ಸು ನಿಂತದ್ದು ಬೇರೆ ಕಡೆ. ಕ್ಯಾಥರಿನ್ ಗಿಬ್ಸ್ ಅನ್ನುವ ಸೆಕ್ರೆಟರಿ ತರಬೇತಿ ಶಾಲೆ ತನ್ನ ಹುಡುಗಿಯರಿಗಾಗಿ ಅದೇ ಹೋಟೆಲ್‌ನಲ್ಲಿ ಮಹಡಿಗಳನ್ನೇ ಬಾಡಿಗೆಗೆ ಹಿಡಿದಿತ್ತು. ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿಯುವ ಹುಡುಗಿಯರು. ಅವರ ಹೆಸರು ಯಾರ ಬಾಯಲ್ಲೂ ಇಲ್ಲ. ಆದರೆ ತಿಂಗಳಾ ತಿಂಗಳು ಬಾಡಿಗೆ ಕಟ್ಟಿ ಆ ಕಟ್ಟಡವನ್ನು ನಡೆಸಿದ್ದು ಅಂಥ ಹುಡುಗಿಯರೇ. ನಮ್ಮಲ್ಲೂ ಹಾಗೇ ಅಲ್ವಾ? ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಏಳುತ್ತಿದ್ದ ಕಾಲಕ್ಕೆ ಹಾಸನಕ್ಕೆ ಎಷ್ಟು ಕಚೇರಿಗಳು ಬಂದವು! ಟೈಪಿಂಗ್ ಜೂನಿಯರ್, ಸೀನಿಯರ್ ಪಾಸು ಮಾಡಿದ ಹುಡುಗಿಯರು ಅರಕಲಗೂಡು, ಹೊಳೆನರಸೀಪುರ, ಆಲೂರು ಕಡೆಯಿಂದ ಟ್ರಂಕು ಹಿಡಿದು ಬಂದು ಇಳಿದರು. ನೀವು ಬರೆಯಬೇಕಾದದ್ದು ಇವರನ್ನು. ಹಾಸ್ಟೆಲ್‌ನಲ್ಲಿ ಯಾರಾದರೂ ದೊಡ್ಡ ಹೆಸರಿನವರು ಇದ್ದರಾ ಅಂತ ಹುಡುಕುತ್ತಾ ಹೊರಡಬೇಡಿ.

ಮೊದಲು ಮನುಷ್ಯರ ಹತ್ತಿರ ಹೋಗಿ

ಕಾಗದ ಪತ್ರ ಆಮೇಲೆ ನೋಡಬಹುದು. ಎಂಬತ್ತು ದಾಟಿದವರ ಪಟ್ಟಿ ಮಾಡಿ, ಅವರಿಂದಲೇ ಶುರು ಮಾಡಿ. ಒಬ್ಬರು ಸಿಕ್ಕರೆ ಅವರ ರೂಮ್‌ಮೇಟ್ ಎಲ್ಲಿದ್ದಾರೆ ಅಂತ ಅವರಿಗೇ ಗೊತ್ತಿರುತ್ತದೆ. ಅಡುಗೆಯವರನ್ನೂ, ವಾಚ್‌ಮನ್ ಮನೆಯವರನ್ನೂ ಪಟ್ಟಿಗೆ ಸೇರಿಸಿ. ನಮ್ಮ ಹಾಸ್ಟೆಲ್‌ನ ಮೆಸ್ ಹೇಗೆ ನಡೆಯುತ್ತಿತ್ತು ಅನ್ನುವುದು ನನಗೆ ಪೂರ್ತಿ ಗೊತ್ತಾಗಿದ್ದು ಅಡುಗೆ ಮಾಡುತ್ತಿದ್ದ ಅಮ್ಮನ ಮಗಳಿಂದ.

ಊಟ ಮುಗಿದು ಸ್ವಲ್ಪ ಮಲಗಿ ಎದ್ದ ಮೇಲೆ, ಮೂರೂವರೆ ಹೊತ್ತಿಗೆ ಹೋಗಿ. ಹೋಗುವಾಗ ಪ್ರಶ್ನೆಗಳ ಹಾಳೆ ಕೈಯಲ್ಲಿ ಹಿಡಿಯಬೇಡಿ, ಒಂದು ಹಳೇ ಫೋಟೋ ಹಿಡಿದುಕೊಳ್ಳಿ. ಪ್ರಶ್ನೆ ಹಾಳೆ ನೋಡಿದರೆ ಅವರಿಗೆ ಪರೀಕ್ಷೆಗೆ ಕೂತ ಹಾಗಾಗುತ್ತದೆ. ಫೋಟೋ ಕೈಗೆ ಕೊಟ್ಟರೆ ತಾವಾಗೇ ಶುರು ಮಾಡುತ್ತಾರೆ: 'ಇವಳು ನೋಡು, ಇವಳದ್ದು ನಮ್ಮ ಪಕ್ಕದ ಮಂಚ ಕಣಮ್ಮ.' ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೊದಲೇ ಹೇಳಿ, ಒಪ್ಪಿಗೆ ಪಡೆದು ಮಾಡಿ. ಮೊಬೈಲನ್ನು ಟವಲ್ ಮಡಿಸಿ ಅದರ ಮೇಲೆ ಇಟ್ಟರೆ ಮೇಜಿನ ಸದ್ದು ಬರುವುದಿಲ್ಲ. ಫ್ಯಾನ್ ಆಫ್ ಮಾಡಿ. ಶುರುವಿನಲ್ಲಿ ತಾರೀಖು, ಊರು, ಅವರ ಹೆಸರು ನಿಮ್ಮ ಬಾಯಲ್ಲೇ ಹೇಳಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ ಯಾವ ದನಿ ಯಾರದು ಅಂತ ಗೊತ್ತಾಗುವುದಿಲ್ಲ.

ಮೊದಲ ದಿನದ ಬಗ್ಗೆ ಕೇಳಿ. ಯಾರು ಬಿಟ್ಟು ಹೋದರು? ಯಾವ ಬಸ್ಸು? ಹಾಸಿಗೆ ಸುರುಳಿ ಮನೆಯಿಂದ ತಂದಿದ್ದರಾ? ರೂಮಿನಲ್ಲಿ ಎಷ್ಟು ಮಂಚ? ಒಂದು ಬಿಳಿ ಹಾಳೆ ಕೊಟ್ಟು ರೂಮಿನ ನಕ್ಷೆ ಬರೆಯಲು ಹೇಳಿ. ಕಿಟಕಿ ಎಲ್ಲಿತ್ತು, ನೀರಿನ ಹಂಡೆ ಎಲ್ಲಿತ್ತು ಅಂತ ಗೀಟು ಹಾಕುತ್ತಾ ಹಾಕುತ್ತಾ ಬಾಯಲ್ಲಿ ಬಾರದ್ದು ಕೈಗೆ ಬರುತ್ತದೆ. ನಮ್ಮ ಹಾಸ್ಟೆಲ್‌ನಲ್ಲಿ ಬೆಳಗಿನ ಜಾವ ಬಕೆಟ್‌ಗಳೇ ಕ್ಯೂ ನಿಲ್ಲುತ್ತಿದ್ದವು. ಹಂಡೆ ಒಂದೇ. ರಾತ್ರಿ ಮಲಗುವಾಗಲೇ ಬಕೆಟ್ ಇಟ್ಟು ಹೋಗುತ್ತಿದ್ದರು. ಹಿಡಿಗೆ ಬಣ್ಣದ ದಾರ ಕಟ್ಟಿರುತ್ತಿದ್ದರು, ಯಾರದು ಅಂತ ಗುರುತಿಗೆ. ಒಬ್ಬರು ಮೇಡಂ ನಕ್ಷೆ ಬರೆಯುತ್ತಾ ಹಂಡೆಯ ಮುಂದೆ ಸಣ್ಣ ಸಣ್ಣ ಸೊನ್ನೆಗಳನ್ನು ಸಾಲಾಗಿ ಬರೆದರು. ಏನು ಅಂತ ಕೇಳಿದೆ. ಬಕೆಟ್ ಅಂದರು. ತಮ್ಮ ಸೊನ್ನೆಯ ಮೇಲೆ ಹಸಿರು ದಾರ ಅಂತ ಬರೆದರು. ಇಂಥದ್ದು ಯಾವ ಸರ್ಕಾರಿ ಫೈಲಿನಲ್ಲೂ ಸಿಗುವುದಿಲ್ಲ.

ಇಸವಿ ಕೇಳಿದರೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಎಲ್ಲರೂ ನೆನಪಿಟ್ಟುಕೊಂಡಿರುವ ಘಟನೆಗಳನ್ನು ಮುಂದಿಟ್ಟು ಕೇಳಿ. ಹಾಸನದಿಂದ ಮಂಗಳೂರಿಗೆ ರೈಲು ಶುರುವಾಗುವ ಮುಂಚೆಯೋ ಆಮೇಲೋ? ಅದು 1979. ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿ ಚುನಾವಣೆಗೆ ನಿಂತಾಗ ನೀವು ಹಾಸ್ಟೆಲ್‌ನಲ್ಲಿ ಇದ್ರಾ? ಅದು 1978. ಸಾಲಗಾಮೆ ರಸ್ತೆಯ ಉಪಗ್ರಹ ನಿಯಂತ್ರಣ ಕೇಂದ್ರ ಬಂದದ್ದು 1982. ರಾಜ್‌ಕುಮಾರ್ ಅಪಹರಣವಾದದ್ದು 2000. ಹೀಗೆ ಮೂರು ನಾಲ್ಕು ಗೂಟ ನೆಟ್ಟರೆ ಉಳಿದದ್ದನ್ನು ನೀವೇ ಲೆಕ್ಕ ಹಾಕಬಹುದು.

ಇನ್ನೊಂದು ಮಾತು. ಮಗನೋ ಅಳಿಯನೋ ಪಕ್ಕದಲ್ಲೇ ಕೂತಿದ್ದರೆ ಕೆಲವು ವಿಷಯ ಹೊರಗೆ ಬರುವುದಿಲ್ಲ. ಅದಕ್ಕೇ ಇನ್ನೊಂದು ಸಲ ಹೋಗಿ. ಎರಡನೇ ಸಲ ಅವರು ಅಡುಗೆಮನೆಗೇ ಕರೆಯುತ್ತಾರೆ. ಅಲ್ಲಿ ಮಾತು ಸಲೀಸಾಗಿ ಬರುತ್ತದೆ.

ವಿಸಿಟರ್ಸ್ ಪುಸ್ತಕ ಸಿಕ್ಕರೆ ಬಿಡಬೇಡಿ

ಹಾಜರಿ ಪುಸ್ತಕ, ಮೆಸ್ ಲೆಕ್ಕದ ಪುಸ್ತಕ, ಬಾಡಿಗೆ ರಸೀತಿ, ವಿಸಿಟರ್ಸ್ ಪುಸ್ತಕ. ಈ ನಾಲ್ಕರಲ್ಲಿ ಯಾವುದು ಸಿಕ್ಕರೂ ಪುಣ್ಯ. ಹಳೇ ವಾರ್ಡನ್ ಮನೆಯ ಅಟ್ಟದಲ್ಲಿ ಕೇಳಿ. ಕಚೇರಿಯಲ್ಲಿ ಉಳಿದಿರುವುದು ಕಡಿಮೆ.

ನನಗೆ ಸಿಕ್ಕಿದ ವಿಸಿಟರ್ಸ್ ಪುಸ್ತಕ ಉದ್ದನೆಯದು, ಕಪ್ಪು ರೆಕ್ಸಿನ್ ಬೈಂಡು. ಕೆಂಪು ಶಾಯಿಯಲ್ಲಿ ಕೈಯಿಂದ ಗೆರೆ ಎಳೆದಿದ್ದಾರೆ. ತಾರೀಖು, ಬಂದವರ ಹೆಸರು, ಯಾರನ್ನು ನೋಡಲು, ಸಂಬಂಧ, ಬಂದ ಹೊತ್ತು, ಹೋದ ಹೊತ್ತು, ಸಹಿ. ಭಾನುವಾರ ನಾಲ್ಕರಿಂದ ಆರು ಗಂಟೆ ಮಾತ್ರ ಭೇಟಿ. ಮೇಲಿಂದ ಕೆಳಗೆ ಓದಿದರೆ ಬರೀ ಅಪ್ಪ, ಅಣ್ಣ, ಸೋದರಮಾವ. ಅಡ್ಡಕ್ಕೆ ಓದಿ. ಅಪ್ಪಂದಿರು ಬಂದು ಇಪ್ಪತ್ತು ನಿಮಿಷಕ್ಕೆ ಹೊರಟಿದ್ದಾರೆ. ಊರಿಗೆ ಕೊನೇ ಬಸ್ಸು ತಪ್ಪಬಾರದಲ್ಲ. ಸುಗ್ಗಿ ಮುಗಿದ ತಿಂಗಳಲ್ಲಿ ಸಾಲು ಉದ್ದ, ಮಳೆಗಾಲದಲ್ಲಿ ಪುಟ ಖಾಲಿ. ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ಅಮ್ಮಂದಿರ ಹೆಸರು ಬರುತ್ತದೆ. ವರ್ಷದಲ್ಲಿ ಬೇರೆ ದಿನ ಅವರ ಹೆಸರು ಅಪರೂಪ. ದೇವರ ದರ್ಶನದ ನೆಪದಲ್ಲಿ ಮಗಳನ್ನು ನೋಡಲು ಬಂದ ತಾಯಂದಿರು. ಆ ಪುಟಗಳಲ್ಲಿ ಸಹಿ ಇರುವ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು ಜಾಸ್ತಿ. ಮಗಳು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್, ತಾಯಿ ಹೆಬ್ಬೆಟ್ಟು. ನಾನು ಆ ಪುಟದ ಚಿತ್ರವನ್ನು ಹೆಸರು ಮುಚ್ಚಿ ಪುಸ್ತಕದಲ್ಲಿ ಇಡೀ ಪುಟಕ್ಕೆ ಹಾಕಿದ್ದೇನೆ.

ಫೋಟೋ ತೆಗೆಯುವ ಕೆಲಸವನ್ನು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ನಮ್ಮ ಕಡೆ ಮಳೆ ಹಿಡಿದರೆ ಕಾಗದ ತೇವ ಎಳೆಯುತ್ತದೆ, ಬೂಷ್ಟು ಬರುತ್ತದೆ, ಪುಟಗಳು ಒಂದಕ್ಕೊಂದು ಅಂಟುತ್ತವೆ. ಅಂಟಿದ ಪುಟವನ್ನು ಎಳೆಯಬೇಡಿ. ನೆರಳಲ್ಲಿ ಗಾಳಿಗಿಡಿ, ಬಿಸಿಲಿಗೆ ಬೇಡ. ಕಿಟಕಿ ಪಕ್ಕದ ಬೆಳಕಲ್ಲಿ, ಫ್ಲಾಶ್ ಇಲ್ಲದೆ, ಹೊರ ರಟ್ಟಿನಿಂದ ಹಿಡಿದು ಪ್ರತಿ ಪುಟವನ್ನೂ ಕ್ರಮವಾಗಿ ತೆಗೆಯಿರಿ. ಖಾಲಿ ಪುಟವನ್ನೂ ಬಿಡಬೇಡಿ. ಹರಿದ ಕಡೆ ಸೆಲ್ಲೋ ಟೇಪ್ ಹಚ್ಚಲೇಬೇಡಿ, ಸ್ವಲ್ಪ ವರ್ಷಕ್ಕೆ ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ.

ಹೆಸರುಗಳಿಗೆ ಒಂದು ಬೇರೆ ನೋಟ್‌ಬುಕ್ ಇಡಿ. ಹಾಸ್ಟೆಲ್‌ನಲ್ಲಿ ಇದ್ದಾಗಿನ ಹೆಸರು, ಮದುವೆಯಾದ ಮೇಲಿನ ಹೆಸರು, ಇನಿಶಿಯಲ್, ತವರೂರು, ಕೆಲಸದ ಜಾಗ. ನಮ್ಮ ಕಡೆ ಇನಿಶಿಯಲ್‌ನಲ್ಲಿ ಸಾಮಾನ್ಯವಾಗಿ ಊರು, ಅಪ್ಪನ ಹೆಸರು ಎರಡೂ ಇರುತ್ತವೆ. ಹುಡುಕಲು ಅದೇ ದೊಡ್ಡ ಸಹಾಯ. ಸರೋಜ, ಲಲಿತ, ಜಯಮ್ಮ ಅನ್ನುವ ಹೆಸರು ಒಂದೇ ಹಾಜರಿ ಪುಸ್ತಕದಲ್ಲಿ ಹತ್ತಾರು ಕಡೆ ಬರುತ್ತದೆ.

ಕಟ್ಟಡದ ಕಾಗದ

ಈ ಭಾಗ ಬೇಗ ಹೇಳುತ್ತೇನೆ. ಹಾಸ್ಟೆಲ್ ನಡೆಸಿದ್ದು ಸಂಘವಾಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ದಾಖಲೆ ಇರಬೇಕು. ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಬೈಲಾ, ಪದಾಧಿಕಾರಿಗಳ ಪಟ್ಟಿ, ವರ್ಷದ ಲೆಕ್ಕ ಕೇಳಿ. ಕೇಂದ್ರ ಸರ್ಕಾರ ದುಡಿಯುವ ಮಹಿಳೆಯರ ಹಾಸ್ಟೆಲ್ ಕಟ್ಟಲು ಅನುದಾನ ಕೊಡುವ ಯೋಜನೆ ಶುರು ಮಾಡಿದ್ದು 1972-73ರಲ್ಲಿ. ನಿಮ್ಮ ಕಟ್ಟಡ ಅದಕ್ಕಿಂತ ಈಚಿನದಾಗಿದ್ದರೆ ಆ ದುಡ್ಡು ಬಂದಿತ್ತಾ ಅಂತ ವಿಚಾರಿಸಿ. ಜಾಗದ ಹಿಂದಿನ ಮಾಲೀಕರು ಯಾರು ಅನ್ನುವುದು ಋಣಭಾರ ಪತ್ರದಲ್ಲಿ ಸಿಗುತ್ತದೆ. ಎಲ್ಲರೂ ಇ.ಸಿ. ಅನ್ನುತ್ತಾರಲ್ಲ, ಅದೇ. ಈಚಿನ ವರ್ಷಗಳದ್ದು ಕಾವೇರಿ ಜಾಲತಾಣದಲ್ಲೇ ಬರುತ್ತದೆ. ಹಳೆಯದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು.

ಕೇಳಿದ ದಾಖಲೆ ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಫೀಸು ಹತ್ತು ರೂಪಾಯಿ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಹಾಗಾಗಿ 'ಹಾಸ್ಟೆಲ್ ಬಗ್ಗೆ ಎಲ್ಲ ಮಾಹಿತಿ' ಅಂತ ಕೇಳಬೇಡಿ. 'ಇಂಥ ವರ್ಷದಿಂದ ಇಂಥ ವರ್ಷದವರೆಗಿನ ಅನುದಾನದ ಆದೇಶಗಳ ನಕಲು' ಅಂತ ಕೇಳಿ.

ಕಟ್ಟಡ ಹೀಗೇ ಯಾಕೆ ಇದೆ ಅಂತಲೂ ಕೇಳಿಕೊಳ್ಳಿ. ನ್ಯೂಯಾರ್ಕ್‌ನಲ್ಲಿ 1901ರ ವಸತಿ ಕಾಯ್ದೆ ಬಾಡಿಗೆ ಮನೆಗಳ ಕಟ್ಟಡ ಇಷ್ಟೇ ಎತ್ತರ ಇರಬೇಕು ಅಂತ ಕಟ್ಟು ಹಾಕಿತ್ತು. ಹೋಟೆಲ್‌ಗಳಿಗೆ ಆ ಕಟ್ಟು ಇರಲಿಲ್ಲ. ಕೋಣೆಯಲ್ಲಿ ಅಡುಗೆಮನೆ ಇಡದೆ ಹೋಟೆಲ್ ಅಂತ ಕಟ್ಟಿದರೆ ಮೇಲಕ್ಕೆ ಹೋಗಬಹುದಿತ್ತು. ಬರೇ ಇರಲಿಕ್ಕಾಗಿ ಅಂಥ ಹೋಟೆಲ್‌ಗಳು ಎದ್ದದ್ದಕ್ಕೆ ಅದೂ ಒಂದು ಕಾರಣ. ನಮ್ಮಲ್ಲಿ ಹಳೇ ಕೆಇಬಿ ಬಿಲ್ ನೋಡಿ. ಮನೆಯ ದರ ಹಾಕಿದ್ದಾರೋ, ವಾಣಿಜ್ಯ ದರ ಹಾಕಿದ್ದಾರೋ? ರೂಮಿನಲ್ಲಿ ಇಸ್ತ್ರಿ ಪೆಟ್ಟಿಗೆ, ಕರೆಂಟ್ ಒಲೆ ಬೇಡ ಅನ್ನುವ ರೂಲ್ಸ್ ಎಷ್ಟೋ ಸಲ ಆ ಬಿಲ್ಲಿನಿಂದಲೇ ಹುಟ್ಟಿರುತ್ತದೆ.

ರೂಲ್ಸ್, ದುಡ್ಡು

ಗೋಡೆಗೆ ಅಂಟಿಸಿದ್ದ ನಿಯಮಗಳ ಪಟ್ಟಿ ಸಿಕ್ಕರೆ ಪೂರ್ತಿ ನಕಲು ಮಾಡಿಕೊಳ್ಳಿ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಪ್ರತಿ ನಿಯಮಕ್ಕೂ ಅದು ನಿಜವಾಗಿ ಹೇಗೆ ನಡೆಯುತ್ತಿತ್ತು ಅಂತ ಕೇಳಿ. ನ್ಯೂಯಾರ್ಕ್‌ನಲ್ಲೇ 1878ರಲ್ಲಿ ವ್ಯಾಪಾರಿ ಎ.ಟಿ. ಸ್ಟೀವರ್ಟ್ ಹೆಸರಿನಲ್ಲಿ ದುಡಿಯುವ ಹೆಂಗಸರಿಗೆ ಭಾರಿ ಹೋಟೆಲ್ ತೆರೆದರು. ಕಟ್ಟಡ ಅರಮನೆ ಥರ. ನಿಯಮಗಳು ವಿಪರೀತ ಬಿಗಿ. ಬಾಡಿಗೆಯೂ ಆ ಹೆಂಗಸರ ಕೈಗೆ ಎಟುಕುವಂತಿರಲಿಲ್ಲ. ಕೋಣೆಗಳು ತುಂಬಲೇ ಇಲ್ಲ. ಎರಡು ತಿಂಗಳೊಳಗೆ ಮುಚ್ಚಿ, ಎಲ್ಲರೂ ತಂಗುವ ಮಾಮೂಲಿ ಹೋಟೆಲ್ ಮಾಡಿದರು. 1903ರಲ್ಲಿ ಶುರುವಾದ ಮಾರ್ಥಾ ವಾಷಿಂಗ್ಟನ್ ಹೋಟೆಲ್ ಮಾತ್ರ ಹೆಂಗಸರಿಗಾಗಿಯೇ ದಶಕಗಳ ಕಾಲ ನಡೆಯಿತು. ನಿಮ್ಮ ಹಾಸ್ಟೆಲ್ ಯಾಕೆ ಉಳಿಯಿತು ಅನ್ನುವುದನ್ನು ಅಲ್ಲಿದ್ದವರಿಂದಲೇ ತಿಳಿಯಬೇಕು. ನಮ್ಮ ಗೇಟು ಎಂಟು ಗಂಟೆಗೆ ಮುಚ್ಚುತ್ತಿತ್ತು. ಮಾರ್ಚ್ ತಿಂಗಳಲ್ಲಿ ಕಚೇರಿಗಳಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ. ಆಗ ವಾರ್ಡನ್ ತಾವೇ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಒಂಬತ್ತೂವರೆವರೆಗೆ ಕಾಯುತ್ತಿದ್ದರು. ನಿಯಮದ ಪಟ್ಟಿಯಲ್ಲಿ ಆ ಕುರ್ಚಿ ಇಲ್ಲ.

ಸಂಬಳ ಎಷ್ಟು, ರೂಮ್ ಬಾಡಿಗೆ ಎಷ್ಟು, ಮೆಸ್ಸಿಗೆ ಎಷ್ಟು, ಊರಿಗೆ ಕಳಿಸುತ್ತಿದ್ದ ಮನಿ ಆರ್ಡರ್, ಅಂದರೆ ಎಂ.ಓ. ಎಷ್ಟು? ಈ ನಾಲ್ಕನ್ನು ಪ್ರತಿಯೊಬ್ಬರಿಗೂ ಕೇಳಿ. ನಾಲ್ಕೂ ಒಟ್ಟಿಗೆ ಸಿಕ್ಕಾಗ ಆ ಹುಡುಗಿಯ ಇಡೀ ತಿಂಗಳು ಕಣ್ಣಿಗೆ ಕಟ್ಟುತ್ತದೆ. ತಮ್ಮನ ಓದಿಗೆ, ಅಕ್ಕನ ಬಾಣಂತನಕ್ಕೆ, ಬಾವಿ ತೆಗೆಸಲು ಹೋದ ಎಂ.ಓ. ರಸೀತಿಗಳನ್ನು ಎಷ್ಟೋ ಜನ ಇವತ್ತಿಗೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ಕೇಳಿದರೆ ತೋರಿಸುತ್ತಾರೆ. ಮೆಸ್ ಪುಸ್ತಕದಿಂದ ಊಟ ಗೊತ್ತಾಗುತ್ತದೆ. ನಮ್ಮದರಲ್ಲಿ ಮುದ್ದೆ, ಹುರುಳಿಕಾಳು ಸಾರು, ಉಪ್ಸಾರು, ಹಾಸನದ ಆಲೂಗೆಡ್ಡೆ ಪಲ್ಯ ಮತ್ತೆ ಮತ್ತೆ ಬರುತ್ತವೆ. ಡಿಸೆಂಬರ್ ಬಂತೆಂದರೆ ಪ್ರತಿ ವಾರ ಸೊಗಡಿನ ಅವರೆಕಾಯಿ. ತೂಕದ ಎದುರು ಮಾತ್ರ ದುಡ್ಡಿನ ಜಾಗ ಖಾಲಿ. ಹುಡುಗಿಯರ ಮನೆಗಳಿಂದ ಬರುತ್ತಿದ್ದದ್ದು ಅದು.

ಯಾರಿಗೆ ಸೀಟು ಸಿಗಲಿಲ್ಲ

ಇದನ್ನು ಬಿಟ್ಟು ಬರೆದರೆ ಚರಿತ್ರೆ ಅರ್ಧವೇ. ಬಾರ್ಬಿಜಾನ್‌ನಲ್ಲಿ ದಶಕಗಳ ಕಾಲ ಇದ್ದವರು ಬಿಳಿಯ ಹುಡುಗಿಯರು. 1956ರಲ್ಲಿ ಬಾರ್ಬರಾ ಚೇಸ್ ಅನ್ನುವ ಕಪ್ಪು ಹುಡುಗಿ ಒಂದು ಪತ್ರಿಕೆಯ ಅತಿಥಿ ಸಂಪಾದಕಿಯಾಗಿ ಬಂದು ಅಲ್ಲಿ ಉಳಿದಳು. ಮುಂದೆ ಹೆಸರಾಂತ ಶಿಲ್ಪಿ, ಲೇಖಕಿಯಾದಳು. ನಮ್ಮ ಹಳೇ ಮೈಸೂರಿನ ಊರುಗಳಲ್ಲಿ ಜಾತಿಗೊಂದು ವಿದ್ಯಾರ್ಥಿನಿಲಯ ಇದ್ದದ್ದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಅಂತ ಬೋರ್ಡು ಹಾಕಿದ ಕಡೆಯೂ ಬಾಗಿಲು ಎಲ್ಲರಿಗೂ ಒಂದೇ ಥರ ತೆರೆಯಲಿಲ್ಲ. ಹಾಸನದಲ್ಲಿ ನರ್ಸ್ ಆಗಿದ್ದ ಒಬ್ಬರು ಅಕ್ಕ ನನಗೆ ಹೇಳಿದ್ದು: 'ರೂಮ್ ಖಾಲಿ ಇದೆ ಅಂದ್ರು. ಊರು ಕೇಳಿದ್ರು, ಯಾವ ಬೀದಿ ಅಂತ ಕೇಳಿದ್ರು. ಆಮೇಲೆ ನಾಳೆ ಬಾ ಅಂದ್ರು. ನಾಳೆ ಹೋದ್ರೆ ಖಾಲಿ ಇಲ್ಲ.' ಅವರು ಬೇರೆ ಕಡೆ ಬಾಡಿಗೆ ಮನೆ ಹಿಡಿದರು.

ಈ ಅಕ್ಕನಂಥವರ ಹೆಸರು ನಿಮಗೆ ಹಾಜರಿ ಪುಸ್ತಕದಲ್ಲಿ ಸಿಗುವುದಿಲ್ಲ. ಆಸ್ಪತ್ರೆ, ಶಾಲೆ, ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಕೆಲಸ ಮಾಡಿದ ಹೆಂಗಸರನ್ನು ಹುಡುಕಿ ಹೋಗಿ ಕೇಳಬೇಕು: ನೀವು ಎಲ್ಲಿ ಉಳಿದಿರಿ? ಒಳಗೆ ಇದ್ದವರನ್ನೂ ಕೇಳಿ: ತಟ್ಟೆ ಲೋಟ ಎಲ್ಲರದ್ದೂ ಒಂದೇ ಕಡೆ ಇರುತ್ತಿತ್ತಾ? ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಸುಮ್ನೆ ಕಾಯಿರಿ. ಗಂಡ ತೀರಿಹೋದವರು, ಗಂಡನನ್ನು ಬಿಟ್ಟು ಬಂದವರು, ಮಗು ಜೊತೆಗಿದ್ದವರಿಗೆ ಸೀಟು ಕೊಟ್ಟರಾ ಅಂತಲೂ ಕೇಳಿ.

ಬರೆಯುವಾಗ

ಇಸವಿ ಪ್ರಕಾರ ಬರೆಯಬೇಡಿ, ಅಧ್ಯಕ್ಷರುಗಳ ಪಟ್ಟಿಯಾಗಿ ಹೋಗುತ್ತದೆ. ಒಂದು ದಿನದ ಪ್ರಕಾರ ಬರೆಯಿರಿ. ಬೆಳಗಿನ ಹಂಡೆ, ತಿಂಡಿ, ಕಚೇರಿ, ಸಂಜೆಯ ಮಹಾರಾಜ ಪಾರ್ಕು, ಗೇಟು, ರಾತ್ರಿ ಪಿಸುಮಾತು. ಒಂದೊಂದು ಹೊತ್ತಿನಲ್ಲೂ ಕಾಲ ಹೇಗೆ ಬದಲಾಯಿತು ಅಂತ ಇಸವಿ ಸಮೇತ ಸೇರಿಸುತ್ತಾ ಹೋಗಿ. ಸೌದೆ ಹೋಗಿ ಗ್ಯಾಸ್ ಬಂದದ್ದು, ಹಂಡೆ ಹೋಗಿ ಗೀಸರ್ ಬಂದದ್ದು, ವಾರ್ಡನ್ ರೂಮಿನ ಒಂದೇ ಫೋನು ಹೋಗಿ ಎಲ್ಲರ ಕೈಗೂ ಮೊಬೈಲ್ ಬಂದದ್ದು. ಇಬ್ಬರ ನೆನಪು ಒಂದಕ್ಕೊಂದು ಕೂಡದಿದ್ದರೆ ಎರಡನ್ನೂ ಪಕ್ಕ ಪಕ್ಕ ಕೊಡಿ.

ಕಥೆ ಕಾದಂಬರಿಯಲ್ಲಿ ನಿಮ್ಮ ಹಾಸ್ಟೆಲ್ ಬಂದಿದ್ದರೆ ಹುಷಾರಾಗಿ ಬಳಸಿ. ಪ್ಲಾತ್ ತನ್ನ ಕಾದಂಬರಿಯಲ್ಲಿ ಬಾರ್ಬಿಜಾನ್‌ಗೆ ಅಮೆಜಾನ್ ಅಂತ ಹೆಸರಿಟ್ಟಳು. ಅದರಿಂದ ಆ ಜಾಗದ ಉಸಿರು ಗೊತ್ತಾಗುತ್ತದೆ. ಬಾಡಿಗೆ, ತಾರೀಖುಗಳನ್ನು ಮಾತ್ರ ಬೇರೆ ಕಡೆ ನೋಡಿಕೊಳ್ಳಬೇಕು.

ಪ್ರೀತಿ, ಮದುವೆ, ಮನೆ ಬಿಟ್ಟು ಹೋದದ್ದು ಇವೆಲ್ಲ ಮಾತಿನಲ್ಲಿ ಬಂದೇ ಬರುತ್ತವೆ. ಹೇಳಿದವರದ್ದೇ ಕಥೆಯಾದರೆ, ಅವರು ಒಪ್ಪಿದರೆ, ಬರೆಯಿರಿ. ಬೇರೆಯವರ ಕಥೆಯಾದರೆ ಬಿಟ್ಟುಬಿಡಿ. ಬರೆದ ಭಾಗವನ್ನು ಅಚ್ಚಿಗೆ ಕೊಡುವ ಮುಂಚೆ ಅವರ ಮುಂದೆ ಕೂತು ಓದಿ ಹೇಳಿ. ಕಣ್ಣು ಮಂಜಾದವರಿಗೆ ಹಾಳೆ ಕೊಟ್ಟು ಬಂದರೆ ಸಾಲದು. 'ಈ ಮಾತು ತೆಗೀ' ಅಂದರೆ ತೆಗೆಯಿರಿ.

ಡಿಟಿಪಿ ಮಾಡಿಸುವಾಗ ಯುನಿಕೋಡ್‌ನಲ್ಲೇ ಮಾಡಿಕೊಡಿ ಅಂತ ಮೊದಲೇ ಹೇಳಿ. ಹಳೇ ಫಾಂಟಿನಲ್ಲಿ ಮಾಡಿದರೆ ಆಮೇಲೆ ಇನ್ನೊಂದು ಕಂಪ್ಯೂಟರ್‌ನಲ್ಲಿ ಓದಲು ಬರುವುದಿಲ್ಲ. ಅಕ್ಷರ ದಪ್ಪಗಿರಲಿ, ಓದುವವರು ಹೆಚ್ಚಿನವರು ವಯಸ್ಸಾದವರು. ಐವತ್ತು ಪ್ರತಿ ಸಾಕು. ಮಾತಾಡಿದ ಪ್ರತಿಯೊಬ್ಬರಿಗೂ ಒಂದು, ಜಿಲ್ಲಾ ಗ್ರಂಥಾಲಯಕ್ಕೆ ಒಂದು, ಊರಿನ ಮಹಿಳಾ ಕಾಲೇಜಿಗೆ ಒಂದು, ಈಗ ಆ ಹಾಸ್ಟೆಲ್‌ನಲ್ಲೋ ಪಿಜಿಯಲ್ಲೋ ಇರುವ ಹುಡುಗಿಯರಿಗೆ ಒಂದು. ರೆಕಾರ್ಡಿಂಗ್‌ಗಳನ್ನು ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡಿ. ರಿಜಿಸ್ಟರ್‌ಗಳನ್ನು ಯಾರ ಮನೆಯಿಂದ ತಂದಿರೋ ಅವರಿಗೇ, ಬಟ್ಟೆಯಲ್ಲಿ ಸುತ್ತಿ, ಪುಸ್ತಕದ ಜೊತೆ ವಾಪಸ್ ಕೊಟ್ಟು ಬನ್ನಿ.